ತಗಡಿನವರ ತಕರಾರು

ಖಾಸಗಿ ಆಸ್ತಿ ಪವಿತ್ರವಾದದ್ದು. ಈ ಮಂತ್ರವನ್ನು ಇಂಗ್ಲೆಂಡಿನವರಷ್ಟು ಭಕ್ತಿಯಿಂದ ಲೋಕಕ್ಕೆ ಬೋಧಿಸಿದವರು ಇನ್ನೊಬ್ಬರಿಲ್ಲ. ಪ್ರಜೆಯ ಮನೆ ಅವನ ಕೋಟೆ ಅನ್ನುವುದು ಅವರ ಗಾದೆ. ಆದರೆ ಆ ಕೋಟೆಯ ಒಂದು ಬಾಗಿಲಿಗೆ ಮಾತ್ರ ಚಿಲಕ ಇಟ್ಟಿಲ್ಲ. ಪಕ್ಕದ ದೊಡ್ಡ ಕೋಟೆಯವನಿಗೆ ಜಾಗ ಸಾಲದೆ ಬಂದಾಗ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ಬಾಗಿಲ ಮೇಲೆ ‘ಸಾರ್ವಜನಿಕ ಹಿತ’ ಎಂದು ದೊಡ್ಡಕ್ಷರದ ಬೋರ್ಡು ಬೇರೆ.

ಉತ್ತರ ಲಂಡನ್ನಿನ ಟಾಟೆನ್‌ಹ್ಯಾಮಿನಲ್ಲಿ, ಪ್ಯಾಕ್ಸ್‌ಟನ್ ರಸ್ತೆಯಲ್ಲಿ, ಆರ್ಚ್‌ವೇ ಶೀಟ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯೊಂದಿತ್ತು. ಒಂದೇ ಕುಟುಂಬದವರು ನಡೆಸುತ್ತಿದ್ದ ತಗಡಿನ ಕೆಲಸದ ಜಾಗ. ಹೋಟೆಲುಗಳ ಅಡುಗೆಮನೆಗೆ ಬೇಕಾದ ಸ್ಟೀಲ್ ಸಾಮಾನು ಅಲ್ಲಿ ತಯಾರಾಗುತ್ತಿತ್ತು. ಅದರ ಪಕ್ಕದಲ್ಲೇ ವೈಟ್ ಹಾರ್ಟ್ ಲೇನ್ ಮೈದಾನ. ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬು 1899ರಿಂದ ಆಡಿಕೊಂಡು ಬಂದದ್ದು ಅಲ್ಲೇ. ಮೈದಾನದಲ್ಲಿ ಸುಮಾರು 36,000 ಸೀಟುಗಳಿದ್ದವು. ಅದೇ ಉತ್ತರ ಲಂಡನ್ನಿನ ಬದ್ಧವೈರಿ ಆರ್ಸೆನಲ್ 2006ರಲ್ಲಿ ಅರವತ್ತು ಸಾವಿರ ಸೀಟಿನ ಹೊಸ ಸ್ಟೇಡಿಯಂ ಕಟ್ಟಿಕೊಂಡು ಮೆರೆಯುತ್ತಿತ್ತು. ಇದನ್ನು ನೋಡಿಯೂ ಸುಮ್ಮನಿರುವುದಕ್ಕೆ ಫುಟ್‌ಬಾಲ್ ಕ್ಲಬ್ಬುಗಳೇನು ಸನ್ಯಾಸಿಗಳ ಮಠವೇ? ದೊಡ್ಡ ಸ್ಟೇಡಿಯಂ ಬೇಕೆನಿಸಿತು. ಸುತ್ತಲಿನ ಅಂಗಡಿ, ವರ್ಕ್‌ಶಾಪು, ಮನೆಗಳನ್ನು ಕ್ಲಬ್ಬು ಒಂದೊಂದಾಗಿ ಕೊಳ್ಳುತ್ತಾ ಬಂತು. ಒಬ್ಬರಾದ ಮೇಲೊಬ್ಬರು ರುಜು ಹಾಕಿ ಹೋದರು. ತಗಡಿನವರು ಹೋಗಲಿಲ್ಲ.

ಜಗಳ ದುಡ್ಡಿನದ್ದು. ಮಾರುಕಟ್ಟೆ ದರಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತೇವೆ ಅಂತ ಕ್ಲಬ್ಬು. ನೀವು ಕೊಡುವುದರಲ್ಲಿ ಬೇರೆ ಕಡೆ ಇಂಥದ್ದೇ ಜಾಗ ಹಿಡಿದು ಕಸುಬು ನಡೆಸಲು ಆಗುವುದಿಲ್ಲ ಅಂತ ಕುಟುಂಬ. ಊರಿನ ಗಣ್ಯರಿಗೆ ಈ ಎರಡನೆಯ ಮಾತು ಅರ್ಥವಾಗುವುದೇ ಇಲ್ಲ. ಚೆಕ್ಕು ಇಸಕೊಂಡು ಗಾಡಿಗೆ ಸಾಮಾನು ತುಂಬಿದರೆ ಮುಗಿಯಿತಲ್ಲ, ಇದಕ್ಯಾಕೆ ಇಷ್ಟು ರಾದ್ಧಾಂತ?

ತಗಡಿನ ಕೆಲಸದ ವರ್ಕ್‌ಶಾಪಿಗೆ ಒಮ್ಮೆ ಕಾಲಿಟ್ಟವರು ಹೀಗೆ ಕೇಳುವುದಿಲ್ಲ. ಶೀಟು ಕತ್ತರಿಸುವ ಯಂತ್ರ, ಅಳತೆಗೆ ಸರಿಯಾಗಿ ಮಡಿಸುವ ಪ್ರೆಸ್ಸು, ಎಲ್ಲವೂ ಟನ್ನುಗಟ್ಟಲೆ ಭಾರ. ಅವನ್ನು ಗಟ್ಟಿ ನೆಲದ ಮೇಲೆ ಮಟ್ಟ ನೋಡಿ ಕೂರಿಸಿ, ಬೋಲ್ಟು ಬಿಗಿದು, ತ್ರೀ ಫೇಸ್ ಕರೆಂಟು ಎಳೆಯಬೇಕು. ಮಟ್ಟ ಒಂದೆಳೆ ತಪ್ಪಿದರೂ ಮಡಿಕೆ ಓರೆಯಾಗುತ್ತದೆ, ಓರೆಯಾದ ತಗಡು ನೇರ ಗುಜರಿಗೆ. ಆಳುದ್ದಕ್ಕಿಂತ ಉದ್ದದ ಶೀಟು ಹೊತ್ತ ಲಾರಿ ಬಾಗಿಲವರೆಗೆ ಬರಬೇಕು. ಕೆಲಸ ಬಲ್ಲ ಆಳುಗಳು ನಡೆದೋ ಬಸ್ಸು ಹತ್ತಿಯೋ ಬರುವಷ್ಟು ದೂರದಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನವಿಡೀ ಲೋಹ ಬಡಿಯುವ ಸದ್ದಿಗೆ ಗೊಣಗದ ನೆರೆಹೊರೆ ಬೇಕು. ಆ ಲೆಕ್ಕದಲ್ಲಿ ಫುಟ್‌ಬಾಲ್ ಮೈದಾನಕ್ಕಿಂತ ಒಳ್ಳೆಯ ನೆರೆ ಲಂಡನ್ನಿನಲ್ಲಿ ಎಲ್ಲಿ ಸಿಕ್ಕೀತು? ಮೂವತ್ತಾರು ಸಾವಿರ ಗಂಟಲುಗಳ ಮುಂದೆ ಸುತ್ತಿಗೆ ಯಾವ ಮೂಲೆಗೆ?

ಇಷ್ಟಕ್ಕೂ ತಗಡಿನವರು ಮಾಡಿದ ಮಹಾಪರಾಧವೇನೆಂದರೆ, ಇಲ್ಲೇ ಇರುತ್ತೇವೆ ಅಂದದ್ದು. ಅದೇ ಹೊತ್ತಿಗೆ ಕ್ಲಬ್ಬು ಏನನ್ನುತ್ತಿತ್ತು ನೋಡಿ. ಅಲ್ಲಿನ ಸ್ಥಳೀಯ ಆಡಳಿತವಾದ ಹ್ಯಾರಿಂಗೇ ಕೌನ್ಸಿಲ್ಲು 2010ರಲ್ಲಿ ಹೊಸ ಸ್ಟೇಡಿಯಂ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಸಮಯಕ್ಕೆ ಕ್ಲಬ್ಬಿನವರು ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡಿನಲ್ಲಿ ಕಟ್ಟುತ್ತಿದ್ದ ಒಲಿಂಪಿಕ್ ಸ್ಟೇಡಿಯಂ ಜಾಗಕ್ಕೂ ಅರ್ಜಿ ಹಾಕಿ ಕೂತರು. 2011ರ ಫೆಬ್ರವರಿಯಲ್ಲಿ ಆ ಜಾಗ ವೆಸ್ಟ್ ಹ್ಯಾಮ್ ಕ್ಲಬ್ಬಿನ ಪಾಲಿಗೆ ಎಂದು ತೀರ್ಮಾನವಾದಾಗ ಇವರು ಕೋರ್ಟಿಗೂ ಹೋದರು. ಅಂದರೆ, ನೂರು ವರ್ಷಕ್ಕೂ ಮೀರಿ ಉಂಡುಟ್ಟ ಊರನ್ನು ಬಿಟ್ಟು ಹೊರಡಲು ಗಂಟುಮೂಟೆ ಕಟ್ಟಿ ನಿಂತವರು ಒಬ್ಬರು, ಬಿಡುವುದಿಲ್ಲ ಎಂದು ನೆಲ ಹಿಡಿದು ಕೂತವರು ಇನ್ನೊಬ್ಬರು. ಸರ್ಕಾರಕ್ಕೆ ಯಾರ ಮೇಲೆ ಮಮತೆ ಉಕ್ಕಬೇಕು? ಓಡಿಹೋಗುತ್ತೇನೆ ಎಂದು ಹೆದರಿಸುವವನ ಮೇಲೆ. ನಿಯತ್ತಾಗಿ ಇದ್ದಲ್ಲೇ ಇರುವವನು ಎಲ್ಲಿಗೆ ಹೋದಾನು? ಅವನನ್ನು ಬೇಕಾದರೆ ನಾವೇ ಕಳಿಸಬಹುದು.

2011ರ ಆಗಸ್ಟಿನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ ಮೇಲೆ ಟಾಟೆನ್‌ಹ್ಯಾಮ್ ಹೊತ್ತಿ ಉರಿಯಿತು. ಗಲಭೆ ಇಂಗ್ಲೆಂಡಿನ ಉದ್ದಗಲಕ್ಕೂ ಹಬ್ಬಿತು. ಹೊಗೆ ಆರಿದ ಮೇಲೆ ಎಲ್ಲರ ಬಾಯಲ್ಲೂ ಪುನರುಜ್ಜೀವನದ ಜಪ. ಬಡವರು ರೊಚ್ಚಿಗೆದ್ದರೆ ಅದಕ್ಕೆ ಮದ್ದೇನು? ಸ್ಟೇಡಿಯಂ! 2012ರಲ್ಲಿ ಕೌನ್ಸಿಲ್ಲು ಕ್ಲಬ್ಬಿನ ಮೇಲಿದ್ದ ಹೊರೆಯನ್ನು ಹೂವಿನಂತೆ ಇಳಿಸಿತು. ಕಟ್ಟಲಿರುವ ಮನೆಗಳಲ್ಲಿ ಅರ್ಧದಷ್ಟು ಸಾಮಾನ್ಯರ ಕೈಗೆಟುಕುವ ದರದಲ್ಲಿರಬೇಕು ಎಂಬ ಷರತ್ತಿತ್ತು. ಅದು ಸೊನ್ನೆಯಾಯಿತು. ರಸ್ತೆ, ಶಾಲೆ ಮುಂತಾದ ಊರಿನ ಸೌಕರ್ಯಗಳಿಗೆ ಕ್ಲಬ್ಬು ಕೊಡಬೇಕಿದ್ದ ಹಣ ಸುಮಾರು 1 ಕೋಟಿ 60 ಲಕ್ಷ ಪೌಂಡಿನಿಂದ ಹತ್ತಿರ ಹತ್ತಿರ 5 ಲಕ್ಷಕ್ಕೆ ಇಳಿಯಿತು. ಆಗ ಕ್ಲಬ್ಬು ಬಹಾಮಾಸ್ ದ್ವೀಪವಾಸಿ ಶತಕೋಟ್ಯಧಿಪತಿ ಜೋ ಲೂಯಿಸ್ ಅವರ ಕಂಪನಿಯ ಕೈಯಲ್ಲಿತ್ತು. ಪಾಪ, ಅವರಿಗೂ ಕಷ್ಟಗಳಿರುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಕಡೆಯ ಪದ್ಧತಿ ಅಂದುಕೊಂಡಿದ್ದೆ. ಲಂಡನ್ನಿನ ಪಶುವೈದ್ಯರೂ ಅದನ್ನೇ ಓದಿಕೊಂಡಿದ್ದಾರೆ.

ಆಮೇಲೆ ಕೋಟೆಯ ಆ ಬಾಗಿಲು ತೆರೆಯಿತು. ಕಡ್ಡಾಯ ಖರೀದಿ ಆದೇಶ ಎನ್ನುವುದೊಂದು ಅಸ್ತ್ರ ಅಲ್ಲಿನ ಕೌನ್ಸಿಲ್ಲುಗಳ ಬತ್ತಳಿಕೆಯಲ್ಲಿದೆ. ಮಾರಲು ಒಲ್ಲೆ ಅಂದವನಿಂದಲೂ ಸಾರ್ವಜನಿಕ ಹಿತದ ಹೆಸರಲ್ಲಿ ಜಾಗ ಕೊಳ್ಳಬಹುದು. ಆದೇಶ ಹೊರಡಿಸಿದ್ದು ಲೇಬರ್ ಪಕ್ಷದ, ಅಂದರೆ ದುಡಿಯುವವರ ಪಕ್ಷದ, ಕೌನ್ಸಿಲ್ಲು. 2014ರ ಜುಲೈನಲ್ಲಿ ಅದಕ್ಕೆ ಮೊಹರು ಒತ್ತಿದ್ದು ಕನ್ಸರ್ವೇಟಿವ್ ಮಂತ್ರಿ ಎರಿಕ್ ಪಿಕಲ್ಸ್. ಖಾಸಗಿ ಆಸ್ತಿಯೇ ದೇವರು, ಸಣ್ಣ ಉದ್ದಿಮೆಯೇ ದೇಶದ ಬೆನ್ನೆಲುಬು ಎಂದು ಚುನಾವಣೆಗೊಮ್ಮೆ ಭಜನೆ ಮಾಡುವ ಪಕ್ಷ ಅವರದು. ಪಾರ್ಲಿಮೆಂಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷಗಳು ಒಂದು ತಗಡಿನ ಶೆಡ್ಡಿನ ಮುಂದೆ ಬಂದು ಕೈಕುಲುಕಿದವು. ಸಣ್ಣ ಉದ್ದಿಮೆಯಿಂದ ರಾಷ್ಟ್ರೀಯ ಐಕ್ಯಕ್ಕೆ ಇಷ್ಟಾದರೂ ಉಪಕಾರವಾಯಿತಲ್ಲ!

ಇಷ್ಟರಲ್ಲಿ ಯೋಜನೆಯ ಮೊದಲ ಹಂತ ಮುಗಿದು ಉದ್ಘಾಟನೆಯೂ ಆಗಿತ್ತು. ಅದು ಗ್ಯಾಲರಿಯೂ ಅಲ್ಲ, ಗೋಲುಪೆಟ್ಟಿಗೆಯೂ ಅಲ್ಲ. 2013ರಲ್ಲಿ ತೆರೆದ ಒಂದು ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ಟು. ಫುಟ್‌ಬಾಲಿನ ಉದ್ಧಾರ ಟೊಮೇಟೊ ತೂಗುವುದರಿಂದ ಶುರುವಾಗುತ್ತದೆ ಎಂಬುದು ನಮ್ಮಂಥ ಪಾಮರರಿಗೆ ಹೊಳೆಯುವ ಮಾತಲ್ಲ.

ಕಡ್ಡಾಯ ಖರೀದಿಯ ವಿರುದ್ಧ ತಗಡಿನವರು ಹೈಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ, 2014ರ ನವೆಂಬರಿನ ಒಂದು ಬೆಳಗಿನ ಜಾವ, ಕಾರ್ಖಾನೆಗೆ ಬೆಂಕಿ ಬಿತ್ತು. ಅನುಮಾನಾಸ್ಪದ ಎಂದು ಪೊಲೀಸರು ತನಿಖೆಗೆ ಇಳಿದರು. ಇದರ ಬಗ್ಗೆ ನಾನು ವ್ಯಂಗ್ಯ ಬರೆಯುವುದಿಲ್ಲ, ಊಹೆಯನ್ನಂತೂ ಮಾಡುವುದೇ ಇಲ್ಲ. 2015ರ ಫೆಬ್ರವರಿಯಲ್ಲಿ ಹೈಕೋರ್ಟು ಅರ್ಜಿ ವಜಾ ಮಾಡಿತು. ಮೇಲ್ಮನವಿ ಹಾಕುವುದಿಲ್ಲ ಎಂದು ಕುಟುಂಬ ಮಾರ್ಚಿನಲ್ಲಿ ಹೇಳಿತು. ಧೈರ್ಯ ಮಾಡುವುದೇ ಕಾರ್ಯ ಎಂಬರ್ಥದ ಲ್ಯಾಟಿನ್ ಘೋಷವಾಕ್ಯ ಕ್ಲಬ್ಬಿನದು. ಅದನ್ನು ಕ್ಲಬ್ಬಿಗಿಂತ ಚೆನ್ನಾಗಿ ಪಾಲಿಸಿದ್ದ ಏಕೈಕ ನೆರೆಯವರು ಹೀಗೆ ಜಾಗ ಖಾಲಿ ಮಾಡಿದರು.

ಇನ್ನು ಕಟ್ಟಡದ ವೈಭವ ಹೇಳದಿದ್ದರೆ ಮಾತ್ಸರ್ಯ ಅಂದಾರು. 2019ರ ಏಪ್ರಿಲ್ 3ರಂದು ಅಲ್ಲಿ ಮೊದಲ ಲೀಗ್ ಪಂದ್ಯ ನಡೆಯಿತು. ತಗಡಿನವರು ಎದ್ದು ಹೋಗಿ ನಾಲ್ಕು ವರ್ಷವಾಗಿತ್ತು. 2018ರಲ್ಲೇ ತೆರೆಯಬೇಕಿದ್ದದ್ದು ಸುರಕ್ಷತಾ ವ್ಯವಸ್ಥೆಯ ದೋಷದಿಂದ ತಿಂಗಳುಗಟ್ಟಲೆ ತಡವಾಯಿತು. ಈ ತಡಕ್ಕೆ ಹೊರಿಸಲು ಪಕ್ಕದಲ್ಲಿ ಒಂದು ತಗಡಿನ ಶೆಡ್ಡೂ ಉಳಿದಿರಲಿಲ್ಲವೆನ್ನುವುದೇ ಬೇಸರ. 62,850 ಸೀಟು. ಖರ್ಚು ನೂರು ಕೋಟಿ ಪೌಂಡಿನ ಆಸುಪಾಸು. ಫುಟ್‌ಬಾಲಿನ ಹುಲ್ಲುಹಾಸು ಹೋಳುಗಳಾಗಿ ಸರಿದು ಒಳಗೆ ಹೋಗುತ್ತದೆ, ಅದರಡಿಯಿಂದ ಅಮೆರಿಕನ್ ಫುಟ್‌ಬಾಲಿನ ಅಂಗಳ ಕಾಣಿಸಿಕೊಳ್ಳುತ್ತದೆ. ಅರವತ್ತೈದು ಮೀಟರ್ ಉದ್ದದ ಬಾರು. ಲೋಟದ ತಳದಿಂದ ಬಿಯರ್ ಉಕ್ಕಿಬರುವ ನಲ್ಲಿಗಳು. ಅಂಗಳ ಸಹಿತ ಎಲ್ಲವನ್ನೂ ಸ್ಥಳಾಂತರಿಸಬಲ್ಲ ತಾಂತ್ರಿಕತೆ ಅಲ್ಲಿದೆ. ಒಂದು ವರ್ಕ್‌ಶಾಪನ್ನು ಮಾತ್ರ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಂತೆ ಸ್ಥಳಾಂತರಿಸುವ ವಿದ್ಯೆ ಯಾರಿಗೂ ಸಿದ್ಧಿಸಲಿಲ್ಲ. ಸ್ಟೇಡಿಯಂ ಬಂದದ್ದರಿಂದ ಕೆಲಸಗಳು ಬಂದವು, ವ್ಯಾಪಾರ ಬಂತು, 2023ರಲ್ಲಿ ಬಿಯಾನ್ಸೆ ಐದು ರಾತ್ರಿ ಹಾಡಿ ಹೋದರು. ಇದು ಸುಳ್ಳಲ್ಲ. ಕಟ್ಟಬಾರದಿತ್ತು ಎಂದು ಹೇಳುವಷ್ಟು ಕಲಾದ್ವೇಷಿ ನಾನಲ್ಲ. ಆದರೆ ಹಿತ ಊರಿನದಾದರೆ ಊರಿಗೆ ಬರಬೇಕಾದ ಮನೆಗಳನ್ನೂ ಕೋಟಿಗಳನ್ನೂ ಮೊದಲೇ ಮನ್ನಾ ಮಾಡಿದ್ದೇಕೆ? ಲಾಭದ ಲೆಕ್ಕ ಬರೆಯುವಾಗ ಖಾಸಗಿ, ನೆಲ ಕಿತ್ತುಕೊಳ್ಳುವಾಗ ಮಾತ್ರ ಸಾರ್ವಜನಿಕ. ಇಂಥ ಎರಡು ಟೋಪಿ ಇಟ್ಟುಕೊಳ್ಳುವ ಸೌಭಾಗ್ಯ ತಗಡಿನವರಿಗೆ ಇರಲಿಲ್ಲ. ಇದ್ದದ್ದು ಒಂದೇ ಶೆಡ್ಡು.

ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಹೀಗೇ ಎಂದು ತಿಳಿಯಬೇಡಿ. ಥೇಮ್ಸ್ ನದಿಯ ಆಚೆ ದಂಡೆಯಲ್ಲಿ ಮಿಲ್‌ವಾಲ್ ಎಂಬ ಬಡ ಕ್ಲಬ್ಬಿದೆ. 2016ರಲ್ಲಿ ಲ್ಯೂಯಿಶ್ಯಾಮ್ ಕೌನ್ಸಿಲ್ಲು ಅದರ ಮೈದಾನದ ಸುತ್ತಲಿನ ಜಾಗವನ್ನು ಇದೇ ಅಸ್ತ್ರ ಹೂಡಿ ಒಬ್ಬ ಡೆವಲಪರನಿಗೆ ಕೊಡಿಸಲು ಹೊರಟಿತು. ಆಗ ಕ್ಲಬ್ಬೇ ಬೀದಿಗಿಳಿದು ಬೊಬ್ಬೆ ಹಾಕಿತು. ಅಭಿಮಾನಿಗಳು, ಪತ್ರಿಕೆಗಳು ಎಲ್ಲ ಸೇರಿ ಗುಲ್ಲೆಬ್ಬಿಸಿ 2017ರ ಜನವರಿಯಲ್ಲಿ ಕೌನ್ಸಿಲ್ಲು ಹಿಂದೆ ಸರಿಯುವ ಹಾಗಾಯಿತು. ಅನ್ಯಾಯ ಅದೇ, ಕಾನೂನು ಅದೇ. ಆದರೆ ಮಿಲ್‌ವಾಲಿಗೆ ಗ್ಯಾಲರಿ ತುಂಬ ಕೂಗುವ ಜನ ಇದ್ದರು. ತಗಡಿನವರ ಪರವಾಗಿ ಸ್ಕಾರ್ಫು ಸುತ್ತಿಕೊಂಡು ಯಾರು ಹಾಡಿಯಾರು?

ಈ ಅಸ್ತ್ರದ ಒಂದು ಅಚ್ಚನ್ನು ಇಂಗ್ಲಿಷರು ನಮಗೂ ಬಳುವಳಿಯಾಗಿ ಕೊಟ್ಟು ಹೋದರು, 1894ರ ಭೂಸ್ವಾಧೀನ ಕಾಯ್ದೆ. ನೂರ ಹತ್ತೊಂಬತ್ತು ವರ್ಷ ಅದನ್ನು ಉಜ್ಜಿ ಉಜ್ಜಿ ಬಳಸಿ, 2013ರಲ್ಲಿ ಹೊಸ ಕಾಯ್ದೆ ತಂದೆವು. ಖಾಸಗಿ ಕಂಪನಿಗಾಗಿ ಜಮೀನು ಹಿಡಿಯುವುದಾದರೆ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು ಒಪ್ಪಬೇಕು ಅಂತ ಬರೆದೆವು. ಮುಂಬಾಗಿಲಿಗೆ ಇಷ್ಟು ದೊಡ್ಡ ಬೀಗ ಜಡಿದ ಮೇಲೆ ಹಿತ್ತಲ ಬಾಗಿಲಿಂದ ಹೋಗುವುದು ರೂಢಿ. ಕರ್ನಾಟಕದಲ್ಲಿ ಅದರ ಹೆಸರು 1966ರ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಆ ಹಿತ್ತಲ ಬಾಗಿಲಿಗೆ ಅಡ್ಡಲಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ 1,777 ಎಕರೆ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಬೇಕಾಯಿತು. ಹದಿಮೂರು ಊರಿನವರು ಒಟ್ಟಿಗೆ ಕೂತರೆ ಅವರೇ ಸಾರ್ವಜನಿಕರು. ಒಂದೇ ಮನೆಯವರು ಕೂತರೆ ಅದು ಅಡ್ಡಗಾಲು.

ಟಾಟೆನ್‌ಹ್ಯಾಮಿನ ಕತೆಗೆ ಇನ್ನೊಂದು ಅಧ್ಯಾಯ ಸೇರಿತು. ಇಂಥದ್ದನ್ನು ಕಟ್ಟಿ ಬರೆಯಲು ಯಾವ ವ್ಯಂಗ್ಯಬರಹಗಾರನಿಗೂ ಎದೆ ಬಾರದು. ಸ್ಟೇಡಿಯಂ ಎದುರಿಗೆ, ಹೈ ರೋಡಿನ ಪಶ್ಚಿಮಕ್ಕೆ, ಲೆಂಡ್‌ಲೀಸ್ ಎಂಬ ದೊಡ್ಡ ಕಂಪನಿಯ ಜತೆ ಸೇರಿ ಸಾವಿರಾರು ಮನೆ ಕಟ್ಟುವ ಯೋಜನೆಗೆ ಅದೇ ಹ್ಯಾರಿಂಗೇ ಕೌನ್ಸಿಲ್ಲು ಒಪ್ಪಿಗೆ ಕೊಟ್ಟಿತು. ಆಗ ತಕರಾರು ಎತ್ತಿದ್ದು ಯಾರು? ಟಾಟೆನ್‌ಹ್ಯಾಮ್ ಹಾಟ್‌ಸ್ಪರ್. ಕೌನ್ಸಿಲ್ಲಿನ ತೀರ್ಮಾನ ಸರಿಯಿಲ್ಲ, ಪಂದ್ಯದ ದಿನ ನಮ್ಮ ಜನಸಂದಣಿ ಸಾಗುವುದರ ಕತೆಯೇನು, ಹಳೆಯ ಪಾರಂಪರಿಕ ಕಟ್ಟಡಗಳ ಗತಿಯೇನು ಎಂದು ಕ್ಲಬ್ಬು ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬೇರೆಯವರ ಯೋಜನೆ ತನ್ನ ಬುಡಕ್ಕೆ ಬಂದಾಗ, ದೊಡ್ಡವರು ಪಕ್ಕದವರನ್ನು ಕೇಳದೆ ಕಟ್ಟಡ ಎಬ್ಬಿಸುವುದು ಎಂಥ ಅನ್ಯಾಯ ಎಂಬ ಜ್ಞಾನೋದಯವಾಯಿತು. ಹಳೆಯ ಕಟ್ಟಡಗಳ ಮೇಲೆ ಎಲ್ಲಿಲ್ಲದ ಕರುಣೆಯೂ ಉಕ್ಕಿತು. ಪ್ಯಾಕ್ಸ್‌ಟನ್ ರಸ್ತೆಯ ತಗಡಿನವರಿಗೆ ಉತ್ತರಾಧಿಕಾರಿ ಸಿಕ್ಕಿದ ಅಂತ ನಾನಂತೂ ಖುಷಿಪಟ್ಟೆ.

2023ರಲ್ಲಿ ಹೈಕೋರ್ಟು ಆ ಅರ್ಜಿಯನ್ನೂ ವಜಾ ಮಾಡಿತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತಗಡಿನವರೂ ಸೋತರು, ಕ್ಲಬ್ಬೂ ಸೋತಿತು. ವ್ಯತ್ಯಾಸ ಬಹಳ ಸಣ್ಣದು. ತಗಡಿನವರು ಸೋತಾಗ ಯಂತ್ರ ಬಿಚ್ಚಿ, ಬಾಗಿಲು ಎಳೆದು, ಬೀದಿ ಬಿಟ್ಟು ಹೋದರು. ಕ್ಲಬ್ಬು ಸೋತಾಗ ಒಂದು ಕುರ್ಚಿಯನ್ನೂ ಸರಿಸಬೇಕಾಗಿ ಬರಲಿಲ್ಲ, ವಕೀಲರ ಬಿಲ್ಲು ಕಟ್ಟಿ ಮುಂದಿನ ಪಂದ್ಯದ ಟಿಕೆಟ್ ಮಾರಿದರೆ ಆಯಿತು.