ರೇಟ್ ಮಾಮಾ

ಬೆಳಗಾವಿ ಹತ್ತಿರದ ದೇಸೂರಿನಲ್ಲಿ ರೇಟ್ ಮಾಮಾನ ಮನೆ ಯಾವುದು ಎಂದು ಕೇಳಿದರೆ ಸಣ್ಣ ಹುಡುಗರೂ ತೋರಿಸುತ್ತಾರೆ. ಅವರ ನಿಜವಾದ ಹೆಸರು ಈಗ ರೇಶನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ನೀವು ಕೈಯಲ್ಲಿ ಏನಾದರೂ ಹಿಡಿದುಕೊಂಡು ಅವರ ಕಟ್ಟೆಯ ಮುಂದೆ ಹಾಯ್ದರೆ ಮುಗಿಯಿತು. ಅದು ಚಪ್ಪಲಿ ಇರಲಿ, ದವಾಖಾನೆಯಿಂದ ತಂದ ಗುಳಿಗೆ ಇರಲಿ, "ಎಷ್ಟಕ್ಕ ಬಿತ್ತು?" ಎಂಬ ಪ್ರಶ್ನೆ ಬರುತ್ತದೆ. ನೀವು ಯಾವ ಅಂಕಿ ಹೇಳಿದರೂ ಉತ್ತರ ಒಂದೇ: "ಜಾಸ್ತಿ ಆತು." ನೂರು ರೂಪಾಯಿ ಇಳಿಸಿ ಸುಳ್ಳು ಹೇಳಿದವರಿಗೂ ಜಾಸ್ತಿಯೇ ಆಗಿದೆ. ಒಬ್ಬ ಹುಡುಗ ಧೈರ್ಯ ಮಾಡಿ, "ಪುಕ್ಕಟೆ ಬಂತು ಮಾಮಾ" ಎಂದನಂತೆ. ಮಾಮಾ ಆ ವಸ್ತುವನ್ನು ತಿರುವಿ ನೋಡಿ, "ಹಂಗಾರ ಇದರಾಗ ಏನೋ ಐತಿ" ಎಂದರಂತೆ.

ಇದು ಹುಟ್ಟುಗುಣವಲ್ಲ, ನೌಕರಿಯ ಗುಣ. ಮಾಮಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಖರೀದಿ ವಿಭಾಗದಲ್ಲಿದ್ದವರು. ಮೂರು ಕೊಟೇಶನ್ ಇಲ್ಲದೆ ಒಂದು ಬೋಲ್ಟೂ ಗೇಟಿನ ಒಳಗೆ ಬರಬಾರದು ಎಂಬುದು ಅಲ್ಲಿಯ ಕಾಯ್ದೆ. ಮಾಮಾ ನಿವೃತ್ತರಾದರು, ಕಾಯ್ದೆ ಆಗಲಿಲ್ಲ. ಸಂತೆಯಲ್ಲಿ ಹಸಿಮೆಣಸಿನಕಾಯಿಗೂ ಅವರು ಮೂರು ಕಡೆ ವಿಚಾರಿಸುತ್ತಾರೆ; ಅಷ್ಟರಲ್ಲಿ ಮಾಮಿ ನಾಲ್ಕನೆಯವಳ ಹತ್ತಿರ ಕೊಂಡು ಮನೆ ಮುಟ್ಟಿರುತ್ತಾಳೆ. ಮಗಳಿಗೆ ಮೂರು ಕಡೆಯಿಂದ ಗಂಡು ಬಂದಾಗ ಮಾಮಾ ಹಾಳೆಗೆ ಗೆರೆ ಹೊಡೆದು ಮೂವರನ್ನೂ ಪಕ್ಕಪಕ್ಕ ಬರೆದಿದ್ದರಂತೆ. ಆ ಹಾಳೆ ಒಲೆಗೆ ಹೋದದ್ದರಿಂದಲೇ ಮದುವೆ ನಡೆಯಿತು ಎನ್ನುವವರಿದ್ದಾರೆ.

ಟ್ಯಾಬ್ ಖರೀದಿಯ ವಿಷಯದಲ್ಲಿ ಮಾಮಾನಿಗೆ ಹಳೆಯ ಒಂದು ಕೀರ್ತಿಯಿದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಮಂತ್ರಿ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ ಬಿಡುಗಡೆ ಮಾಡಿದಾಗ ಊರ ಹುಡುಗರೆಲ್ಲ ಹುಚ್ಚಾಗಿದ್ದರು. ಸರ್ಕಾರಕ್ಕೆ ಒಂದಕ್ಕೆ 2,276 ರೂಪಾಯಿ ಬೀಳುವ ಆ ಟ್ಯಾಬು ಡಿಸೆಂಬರಿನಲ್ಲಿ ಜನಸಾಮಾನ್ಯರಿಗೆ 2,500ಕ್ಕೆ ಆನ್‌ಲೈನಿನಲ್ಲಿ ಬುಕಿಂಗಿಗೆ ಬಂತು. ಎರಡು ವಾರದಲ್ಲಿ 14 ಲಕ್ಷ ಬುಕಿಂಗ್ ಆಯಿತೆಂದು ಪೇಪರಿನಲ್ಲಿ ಓದಿದ ಹುಡುಗರು ಮಾಮಾನ ಕಟ್ಟೆಗೆ ಬಂದರು. ಮಾಮಾ ಕೇಳಿದ್ದು ಒಂದೇ ಮಾತು: "ಬೆಳಗಾವಿ ಖಡೇಬಜಾರದಾಗ ಯಾವ ಅಂಗಡ್ಯಾಗ ಐತಿ ಹೇಳ್ರಿ, ಹೋಗಿ ಹಿಡದು ನೋಡೂಣು." ಯಾವ ಅಂಗಡಿಯಲ್ಲೂ ಇರಲಿಲ್ಲ. "ಒಂದ ಕೊಟೇಶನ್ನಿನ ಮಾಲು ನಾ ಮುಟ್ಟಾಂವಲ್ಲ" ಎಂದು ಸಭೆ ಮುಗಿಸಿದರು. ಮುಂದೆ ಅದರ 366 ಮೆಗಾಹರ್ಟ್ಸ್ ಪ್ರೊಸೆಸರು, 256 ಎಂಬಿ ರ‍್ಯಾಮು, ಬೆರಳಿನಿಂದ ಒತ್ತಿ ಒತ್ತಿ ಎಬ್ಬಿಸಬೇಕಾದ ಪರದೆ ಇವೆಲ್ಲ ಟೀಕೆಗೆ ಗುರಿಯಾದವು. ಅಂದಿನಿಂದ ಮಾಮಾ ತಾವು 2,500 ರೂಪಾಯಿ ಉಳಿಸಿದ್ದಾಗಿ ಹೇಳಿಕೊಳ್ಳುತ್ತಾರೆ. ಈ ಲೆಕ್ಕದಲ್ಲಿ ನಾನು ಇಷ್ಟರಲ್ಲಿ ಎರಡು ವಿಮಾನ ಉಳಿಸಿದ್ದೇನೆ.

ಈ ಸಲ ಟ್ಯಾಬ್ ಬೇಕಾದದ್ದು ಮೊಮ್ಮಗಳಿಗೆ. ಎಂಜಿನಿಯರಿಂಗ್ ಓದುವ ಹುಡುಗಿ. ನೋಟ್ಸೆಲ್ಲ ಪಿಡಿಎಫ್, ಮೊಬೈಲಿನಲ್ಲಿ ಓದಿ ಕಣ್ಣು ಉರಿ. ವಿಟಿಯು ವಿಶ್ವವಿದ್ಯಾಲಯ ಮಗ್ಗುಲಲ್ಲೇ, ಮಚ್ಛೆಯಲ್ಲಿ ಇರುವುದರಿಂದ ಸಿಲೆಬಸ್ ಬದಲಾದದ್ದೂ ತಮ್ಮ ಊರಿನ ಸುದ್ದಿಯೇ ಎಂಬಂತೆ ಮಾಮಾ ಮಾತಾಡುತ್ತಾರೆ. ಹೋದ ವಾರ ಬಿಟ್ಟ ಹೊಸ ಮಾಡೆಲ್ಲೇ ಬೇಕೆಂದು ಹುಡುಗಿ ಹಠ ಹಿಡಿದಳು. ಮಾಮಾ ಇಸ್ತ್ರಿ ಅಂಗಿ ತೊಟ್ಟು ಖಾನಾಪುರದ ಬಸ್ಸು ಹತ್ತಿದರು. ಮಚ್ಛೆ, ಪೀರನವಾಡಿ, ಉದ್ಯಮಬಾಗ ದಾಟಿ ಬೆಳಗಾವಿ. 2023ರ ಜೂನ್ 11ರಿಂದ ಹೆಂಗಸರಿಗೆಲ್ಲ ಆದಂತೆ ಮಾಮಿಗೂ ಬಸ್ ಪುಕ್ಕಟೆ, ಆದರೂ ಆಕೆಯನ್ನು ಕರೆದೊಯ್ಯುವುದಿಲ್ಲ. ಅಂಗಡಿಯಲ್ಲಿ ಎರಡನೇ ನಿಮಿಷಕ್ಕೇ "ಛಲೋ ಐತಿ, ಕಟ್ರಿ" ಅಂದುಬಿಡುತ್ತಾಳೆ ಎಂಬ ಭಯ.

ಖಡೇಬಜಾರದ ಆ ಅಂಗಡಿಯವನಿಗೆ ಮಾಮಾನ ಪರಿಚಯ ಹಳೆಯದು. "ಬರ್ರಿ ಮಾಮಾ, ಕುಂಡ್ರಿ" ಎಂದು ಹೇಳುವಾಗಲೇ ಹುಡುಗನಿಗೆ ಕಣ್ಣಿನಲ್ಲಿ ಸನ್ನೆ ಮಾಡಿ ಚಹಾ ಹೇಳಿರುತ್ತಾನೆ. ಮಾಮಾ ಡೆಮೊ ಪೀಸನ್ನು ಅಂಗೈಯಲ್ಲಿ ತೂಗಿದರು. ಓರೆ ಹಿಡಿದು ಬೆಳಕಿಗೆ ನೋಡಿದರು. ಪರದೆಯ ಮೇಲೆ ಪೆನ್ನಿನಿಂದ ಸಹಿ ಮಾಡಿ, ಅಳಿಸಿ, ಮತ್ತೊಮ್ಮೆ ಸಹಿ ಮಾಡಿದರು. ಹಿಂದಿನ ವರ್ಷದ ಮಾಡೆಲ್ ತರಿಸಿ ಪಕ್ಕದಲ್ಲಿಟ್ಟು ಎರಡರಲ್ಲೂ ಒಂದೇ ಹಾಡು ಹಚ್ಚಿದರು. ಚಾರ್ಜರ್ ಡಬ್ಬಿಯೊಳಗೇ ಬರುತ್ತದೋ, ಬೇರೆ ಕೊಳ್ಳಬೇಕೋ? ಸಿಮ್ ಹಾಕುವ ಮಾಡೆಲ್ಲಿಗೆ ಎಷ್ಟು? ಬಿದ್ದು ಒಡೆದರೆ ರಿಪೇರಿ ಬೆಳಗಾವಿಯಲ್ಲೋ ಬೆಂಗಳೂರಲ್ಲೋ? ಎಲ್ಲಕ್ಕೂ ಅಂಗಡಿಯವನು ಉತ್ತರ ಕೊಟ್ಟ. ಮಾಮಾ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಅಂಗಡಿಗೆ ಬಾಡಿಗೆ, ಹುಡುಗರ ಪಗಾರ, ಏಸಿಯ ಕರೆಂಟು, ಡೆಮೊ ಪೀಸಿನ ಮೇಲೆ ಬಿದ್ದ ಬೆರಳಿನ ಗುರುತು ಎಲ್ಲ ಅವನದ್ದೇ. ನನ್ನನ್ನು ಕೇಳಿದರೆ ಈ ಮಾಹಿತಿಗೇ ಒಂದು ಬಿಲ್ಲು ಹರಿಯಬೇಕು.

ರೇಟು 27,999 ಎಂದ. ಮಾಮಾ ಮೊಬೈಲ್ ತೆಗೆದು ತೋರಿಸಿದರು, ಆನ್‌ಲೈನಿನಲ್ಲಿ 25,999. ಇಲ್ಲಿಂದ ಒಂದು ತಾಸು ಚೌಕಾಸಿ ನಡೆಯುತ್ತದೆಂದು ಮಾಮಾ ಎರಡನೇ ಚಹಾಕ್ಕೂ ಮನಸ್ಸು ಮಾಡಿದ್ದರು. ಅಂಗಡಿಯವನು ಕ್ಯಾಲ್ಕ್ಯುಲೇಟರ್ ಸಹ ಮುಟ್ಟಲಿಲ್ಲ. "ಅದ ರೇಟಿಗೆ ಕೊಡ್ತೀನಿ ಮಾಮಾ. ಒಂದ ರೂಪಾಯಿ ಮ್ಯಾಲ ತಗೋತೀನಿ, ಶುಭಕ್ಕ. ಇಪ್ಪತ್ತಾರ ಸಾವಿರ. ಒಯ್ರಿ."

ಮಾಮಾನ ಮುಖ ಇಳಿಯಿತು. ಇಷ್ಟು ಲಗೂ ಒಪ್ಪಿದ ಎಂದರೆ ರೇಟು ಇನ್ನೂ ಇಳಿಯುತ್ತಿತ್ತು. ಅಥವಾ ಪೀಸಿನಲ್ಲಿ ಕೊರತೆ. ಅಥವಾ ಮುಂದಿನ ವಾರ ಕಂಪನಿಯೇ ರೇಟು ಇಳಿಸುವ ಸುದ್ದಿ ಇವನ ಕಿವಿಗೆ ಬಿದ್ದಿದೆ. "ಮೊಮ್ಮಗಳನ್ನ ಒಂದ ಮಾತ ಕೇಳ್ತೀನಿ" ಎಂದು ಎದ್ದರು. ಮೊಮ್ಮಗಳನ್ನು ಕೇಳಿ ಮಾಮಾ ಏನಾದರೂ ಮಾಡಿದ್ದು ಚರಿತ್ರೆಯಲ್ಲಿಲ್ಲ.

ಊರಿಗೆ ಬಂದ ಮೇಲೆ ಆನ್‌ಲೈನ್ ಪರ್ವ. ಹಿರಿಯರು ಮೂರೂವರೆ ಮುಹೂರ್ತ ಎಂದು ಯುಗಾದಿ ಪಾಡ್ಯ, ಅಕ್ಷಯತದಿಗೆ, ದಸರಾ, ಅರ್ಧಕ್ಕೆ ದೀಪಾವಳಿ ಪಾಡ್ಯ ಎಣಿಸುತ್ತಿದ್ದರು. ಮಾಮಾ ಅದಕ್ಕೆ ಸೇಲ್ ಶುರುವಾಗುವ ರಾತ್ರಿ ಹನ್ನೆರಡನ್ನೂ ಸೇರಿಸಿದ್ದಾರೆ. 2010ರಲ್ಲಿ ಫ್ಲಿಪ್‌ಕಾರ್ಟ್ ಪಾರ್ಸೆಲ್ ಮುಟ್ಟಿದ ಮೇಲೆ ರೊಕ್ಕ ಕೊಡುವ ಪದ್ಧತಿ ತಂದಾಗ ಮಾಮಾ ಆನ್‌ಲೈನಿಗೆ ಒಲಿದವರು. 2020ರ ಜುಲೈಯಲ್ಲಿ ಹೊಸ ಗ್ರಾಹಕ ಕಾಯ್ದೆ ಜಾರಿಗೆ ಬಂದು, ವ್ಯಾಪಾರಿ ಎಲ್ಲೇ ಇರಲಿ ಗ್ರಾಹಕ ತನ್ನ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು ಎಂದಾದ ಮೇಲಂತೂ ಅವರ ಭಕ್ತಿ ಇಮ್ಮಡಿಯಾಯಿತು. "ಬೆಂಗಳೂರಿನಾಂವನನ್ನ ಬೆಳಗಾವಿಗೆ ಎಳಕೊಂಡ ಬರತೀನಿ" ಎನ್ನುತ್ತಾರೆ. ಇನ್ನೂ ಯಾರನ್ನೂ ಎಳೆದುತಂದಿಲ್ಲ, ಅವಕಾಶಕ್ಕೆ ಕಾಯುತ್ತಿದ್ದಾರೆ.

25,999 ರೂಪಾಯಿಯ ಆ ರೇಟು ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ, ಅದೂ ಆರು ಕಂತಿಗೆ ಮಾತ್ರ. ಊರಲ್ಲಿ ಯಾರ ಹತ್ತಿರ ಯಾವ ಬ್ಯಾಂಕಿನ ಕಾರ್ಡಿದೆ ಎಂಬುದು ಮಾಮಾನಿಗೆ ಬಾಯಿಪಾಠ. ಆ ಕಾರ್ಡಿದ್ದ ಮಾಸ್ತರರನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದರು. ಬಡ್ಡಿಯಿಲ್ಲದ ಕಂತು ಎಂದು ಬರೆದಿತ್ತು. ಆರ್ಡರ್ ಆಯಿತು, ಓಟಿಪಿ ಬಂತು, ಮಾಸ್ತರರು ಮತ್ತೆ ಮಲಗಿದರು. ಮಾಮಾ ಮಾತ್ರ ಪೆನ್ಸಿಲ್ ಹಿಡಿದು ಕೂತರು. ಬಡ್ಡಿಯಿಲ್ಲದ ಕಂತಿನಲ್ಲೂ ಬ್ಯಾಂಕು ಬಡ್ಡಿ ಹಚ್ಚುತ್ತದೆ. ಅಷ್ಟನ್ನು ಮೊದಲೇ ಬೆಲೆಯಲ್ಲಿ ಇಳಿಸಿರುತ್ತಾರೆ, ಅಷ್ಟೇ. ಆದರೆ ಆ ಬಡ್ಡಿಯ ಮೇಲಿನ 18 ಟಕ್ಕೆ ಜಿಎಸ್‌ಟಿಯನ್ನು ಯಾರೂ ಇಳಿಸುವುದಿಲ್ಲ. 16 ಟಕ್ಕೆಯಂತೆ ಬಡ್ಡಿ 1,171, ಅದರ ಜಿಎಸ್‌ಟಿ 211. ಪ್ರೊಸೆಸಿಂಗ್ ಫೀ 199, ಅದರ ಜಿಎಸ್‌ಟಿ 36. ಒಟ್ಟು 446. ಮಾಮಾ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಗೆ ಹಾಕಿದರು. ಆ ಮೂವರು ಗಂಡುಗಳ ಹಾಳೆಗೆ ಬಂದ ಗತಿ ಇದಕ್ಕೆ ಬರಬಾರದಲ್ಲ.

ಪಾರ್ಸೆಲ್ ಬರುವ ದಿನ ಖಾನಾಪುರದ ಕಡೆಯಿಂದ ಮಳೆ ಹೊಡೆಯುತ್ತಿತ್ತು. ಪಾರ್ಸೆಲ್ ಹುಡುಗ ಹೈವೇದಲ್ಲಿ ನಿಂತು ಫೋನ್ ಮಾಡಿ ಮರಾಠಿಯಲ್ಲಿ ಗುರುತು ಕೇಳಿದ. ಮಾಮಾ ಸ್ಟೇಶನ್ನಿನಿಂದ ಶುರು ಮಾಡಿ, ಗುಡಿ, ಹಾಲಿನ ಡೇರಿ, ಯಾರದೋ ಎಮ್ಮೆ ಕಟ್ಟುವ ಗೂಟ ಎಲ್ಲ ಹೇಳಿದರು. "ಮಾಮಾ, ತುಮೀಚ್ ಯಾ", ನೀವೇ ಬರ್ರಿ, ಎಂದ ಹುಡುಗ. ಛತ್ರಿ ಹಿಡಿದು ಮಾಮಾ, ಅವರ ಹಿಂದೆ ವಿಡಿಯೋ ಮಾಡಲು ಅಳಿಯ, ಅವನ ಹಿಂದೆ ಕೆಲಸವಿಲ್ಲದ ಅರ್ಧ ಗಲ್ಲಿ.

"ಪೆಟ್ಟಿಗ್ಯಾಗ ಸಾಬಾಣ ಬಂದಿದ್ರ?" ಎಂದು ಒಬ್ಬ ಕೇಳಿದ.

"ಅದಕ್ಕ ವಿಡಿಯೋ" ಎಂದರು ಮಾಮಾ. ಕಂಪನಿಯ ಸೀಲನ್ನು ನಾಲ್ಕೂ ದಿಕ್ಕಿನಿಂದ ತೋರಿಸಿ, ತಾರೀಖು ವೇಳೆ ಹೇಳಿ, ಪಾರ್ಸೆಲ್ ಹುಡುಗನನ್ನು ಸಾಕ್ಷಿ ನಿಲ್ಲಿಸಿ ಟೇಪು ಕೊಯ್ದರು. ಒಳಗೆ ಟ್ಯಾಬೇ ಇತ್ತು. ನನಗೇಕೋ ಮಾಮಾನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಬೆಳಗಾವಿಯ ಆಯೋಗ ಮತ್ತೊಮ್ಮೆ ಕೈತಪ್ಪಿತ್ತು.

ಮರುದಿನ ಟ್ಯಾಬನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಮಾಮಾ ಮತ್ತೆ ಅದೇ ಖಡೇಬಜಾರದ ಅಂಗಡಿಗೆ ಬಂದರು. ಪರದೆಗೆ ಗ್ಲಾಸು ಹಚ್ಚಿಸಬೇಕಿತ್ತು. ಗುಳ್ಳೆ ಬಾರದಂತೆ ಹಚ್ಚುವವನು ಬೆಳಗಾವಿಗೆಲ್ಲ ಇವನೊಬ್ಬನೇ ಎಂದು ಮಾಮಾನೇ ಊರಿಗೆಲ್ಲ ಹೇಳಿದ್ದಾರೆ. ಅಂಗಡಿಯವನು ಟಾವೆಲ್ ಬಿಚ್ಚಿ ನೋಡಿದ. ಏನೂ ಅನ್ನಲಿಲ್ಲ. ಮಾಮಾ ಕೇಳದೆಯೇ "ಇಪ್ಪತ್ತೈದ ಒಂಬೈನೂರಾ ತೊಂಬತ್ತೊಂಬತ್ತು" ಎಂದರು. ಒಳಕಿಸೆಯ ಹಾಳೆ ಒಳಗೇ ಇತ್ತು.

"ಗ್ಲಾಸಿಗೆ ಎಷ್ಟಾಗತೈತಿ?"

"ಹಚ್ಚಿ ಕೊಡೂದ ಹಿಡದು ನಾಕನೂರಾ ಐವತ್ತು, ಮಾಮಾ."

ಮಾಮಾ ಕುರ್ಚಿ ಎಳೆದು ಕೂತು ಹೊಸ ಟ್ಯಾಬನ್ನು ಮೊದಲ ಸಲ ಕೆಲಸಕ್ಕೆ ಹಚ್ಚಿದರು. ಗ್ಲಾಸಿನ ರೇಟು ಹುಡುಕಲು ನೆಟ್ ಬೇಕಲ್ಲ.

"ಅಂಗಡಿ ವೈಫೈ ಪಾಸ್‌ವರ್ಡ್ ಏನಪಾ?"

ಅಂಗಡಿಯವನು ಚಹಾಕ್ಕೆ ಹುಡುಗನನ್ನು ಕಳಿಸುತ್ತ ಹೇಳಿದ: "ಹ್ವಾದ ಸಲಾ ಕೊಟ್ಟಿದ್ನೆಲ್ಲ ಮಾಮಾ, ಅದ ಐತಿ."