ಜೋಮು ಮೇಷ್ಟ್ರು

ನಮ್ಮ ಬೀದಿಯಲ್ಲಿ ಯಾರಿಗೆ ಕಾಲು ಜೋಮು ಹಿಡಿದರೂ ಮೊದಲು ಮೇಷ್ಟ್ರ ಮನೆಗೆ ಹೋಗುತ್ತಾರೆ. ಅವರ ಜೋಮು ವಾಸಿಯಾಗಿದೆ ಅಂತಲ್ಲ. ಎರಡು ವರ್ಷದಿಂದ ವಾಸಿಯಾಗಿಲ್ಲವಲ್ಲ, ಅದಕ್ಕೇ ದಾಸ್ತಾನು ದೊಡ್ಡದು. ಮಹಾನಾರಾಯಣ ತೈಲ, ಮೆಂತ್ಯದ ಪುಡಿ, ಮುಳ್ಳುಮುಳ್ಳಾದ ಅಕ್ಯುಪ್ರೆಶರ್ ಚಪ್ಪಲಿ, ಷಡ್ಡಕ ಹರಿದ್ವಾರದಿಂದ ತಂದುಕೊಟ್ಟ ಯಾವುದೋ ಬೇರು. ಇಲ್ಲದ್ದು ಡಾಕ್ಟರ ಚೀಟಿ ಒಂದೇ.

ಇಂಥವರೊಬ್ಬರು ನಿಮ್ಮ ಬೀದಿಯಲ್ಲೂ ಇರಬೇಕು. ರಿಟೈರಾಗಿರುತ್ತದೆ, ಶುಗರ್ ಹಳೇ ನೆಂಟ, ಮೆಟ್‌ಫಾರ್ಮಿನ್ ಮಾತ್ರೆ ಕಾಫಿಯಷ್ಟೇ ರೂಢಿ. ಕಾಲಿಗೇನಾಗಿದೆ ಅಂತ ಕೇಳುವುದಾದರೆ ಕುರ್ಚಿ ಎಳೆದುಕೊಂಡು ಕೇಳಿ. “ಮೊದಲು ಹೆಬ್ಬೆರಳ ತುದಿ ಜುಂ ಅಂತಿತ್ತಯ್ಯಾ. ಆಮೇಲೆ ಇರುವೆ ಸಾಲು ಹರಿದ ಹಾಗೆ. ಈಗ ಕಾಲುಚೀಲ ಹಾಕದೇ ಇದ್ದರೂ ಹಾಕಿಕೊಂಡ ಹಾಗೆ!” ವೈದ್ಯರ ಪುಸ್ತಕದಲ್ಲೂ ಈ ಕಾಲುಚೀಲದ ಹೋಲಿಕೆಯೇ ಇದೆ. ಇಷ್ಟು ಚೆನ್ನಾದ ವರ್ಣನೆಯನ್ನು ತರಕಾರಿಯವಳೂ ಕೇಳಿದ್ದಾಳೆ, ವೈದ್ಯರೊಬ್ಬರು ಕೇಳಿಲ್ಲ.

“ಡಾಕ್ಟ್ರಿಗೆ ತೋರಿಸಬಾರದೆ ಮೇಷ್ಟ್ರೇ?”

“ವಾಯುವಿಗೆ ಎಂಥ ಡಾಕ್ಟ್ರಯ್ಯಾ!”

ವಾಯುವಿಗೆ ಬಿಸಿನೀರು. ಒಂದು ಸಂಜೆ ಟಬ್ಬಿನಲ್ಲಿ ಪಾದ ಇಳಿಬಿಟ್ಟುಕೊಂಡು ಪೇಪರ್ ಓದುತ್ತಿದ್ದರು. “ಉಗುರುಬೆಚ್ಚಗೂ ಇಲ್ಲ, ಇನ್ನೊಂದು ಚೊಂಬು ತಾರೇ” ಅಂದರು. ಹೆಂಡತಿ ನೀರಿಗೆ ಬೆರಳು ಅದ್ದಿ “ಅಯ್ಯಯ್ಯಪ್ಪಾ!” ಅಂತ ಕೈ ಕಿತ್ತುಕೊಂಡರು. ನಿನ್ನ ಕೈ ತಣ್ಣಗಿರುವುದರಿಂದ ಹಾಗನ್ನಿಸುತ್ತದೆ ಎಂದು ಮೇಷ್ಟ್ರು ಪಾಠ ಮಾಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು, ಎದುರಾಡುವುದುಂಟೆ? ಬೆಳಗ್ಗೆ ನೋಡಿದರೆ ಪಾದದ ಮೇಲೆ ಎರಡು ಬೊಬ್ಬೆ.

ಆದರೂ ಅವರನ್ನು ಆಸ್ಪತ್ರೆಗೆ ಹತ್ತಿಸಿದ್ದು ಬೊಬ್ಬೆಯಲ್ಲ, ಚಪ್ಪಲಿ. ಕುಕ್ಕರಹಳ್ಳಿ ಕೆರೆ ಸುತ್ತಿ ಮನೆಗೆ ಬಂದರು. “ಎಡಗಾಲಿಂದು ಎಲ್ರೀ?” ಎಂದು ಹೆಂಡತಿ ಕೇಳುವ ತನಕ ತಾವು ಒಂಟಿ ಚಪ್ಪಲಿಯಲ್ಲಿ ಬಂದದ್ದೇ ಗೊತ್ತಿಲ್ಲ. ನಾನೂ ಹುಡುಕಲು ಹೋದೆ. ಏರಿಯ ಮೇಲೆ ಕಲ್ಲುಬೆಂಚಿನ ಪಕ್ಕ, ಯಜಮಾನ ಈಗ ಬಂದಾನು ಅನ್ನೋ ಹಾಗೆ ಕೂತಿತ್ತು. ಅಲ್ಲಿಂದ ಮನೆಗೆ ಒಂದು ಮೈಲಿಯಾದರೂ ಇದೆ.

ಡಾಕ್ಟರಿಗೆ ತೋರಿಸಲು ಒಪ್ಪಿದರು, ಆದರೆ ಹತ್ತು ದಿನ ಗಡುವು ಕೇಳಿದರು. ಯಾಕೆ ಅಂತ ಆಮೇಲೆ ತಿಳಿಯಿತು. ಅನ್ನ ಬಂದ್, ಕಾಫಿಗೆ ಸಕ್ಕರೆ ಬಂದ್, ದಿನಾ ಹಾಗಲಕಾಯಿ ರಸ, ಕೆರೆಗೆ ಎರಡೆರಡು ಸುತ್ತು. ಪರೀಕ್ಷೆಗೆ ಹತ್ತು ದಿನ ಇದ್ದಾಗ ಪುಸ್ತಕ ತೆಗೆಯುವ ಹುಡುಗರನ್ನು ಜನ್ಮವಿಡೀ ಬೈದವರು ಈಗ ಅದೇ ಕೆಲಸ ಮಾಡುತ್ತಿದ್ದರು! ಫಲವೂ ಸಿಕ್ಕಿತು ಅನ್ನಿ. ಖಾಲಿಹೊಟ್ಟೆಯ ಶುಗರ್ 108. ರಿಪೋರ್ಟನ್ನು ಪ್ರೋಗ್ರೆಸ್ ಕಾರ್ಡಿನ ಹಾಗೆ ಮುಂದೆ ಹಿಡಿದುಕೊಂಡು ಆಸ್ಪತ್ರೆಯ ಒಳಗೆ ಹೋದರು.

ಡಾಕ್ಟರು ಎರಡನೇ ಪುಟ ತಿರುಗಿಸಿದರು. ಮೇಷ್ಟ್ರು ಅದನ್ನು ಓದಿರಲೇ ಇಲ್ಲ. ಎಚ್‌ಬಿಎ1ಸಿ 9.4.

“ಸಾರ್, ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಅದಕ್ಕೆ ಮೆತ್ತಿಕೊಂಡ ಸಕ್ಕರೆ ಲೆಕ್ಕ ಇದು. ಎರಡು ಮೂರು ತಿಂಗಳ ಹಾಜರಿ ಪುಸ್ತಕ ಇದ್ದ ಹಾಗೆ.”

ಕಾಲುಚೀಲದೊಳಗಿನ ಕಾಪಿಚೀಟಿ ಸಿಕ್ಕಿಬಿದ್ದ ಹುಡುಗನ ಮುಖ ಹೇಗಿರುತ್ತದೆ ಅಂತ ಮೇಷ್ಟ್ರೇ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದರು. ಆವತ್ತು ಅಭಿನಯ ಬೇಕಾಗಲಿಲ್ಲ.

ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ, ಮಾಂಸ ಮೊಟ್ಟೆ ಉಂಟೋ ಅಂತ ಕೇಳಿ, ಬಿ12 ಕೂಡ ನೋಡಬೇಕು, ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಅದು ಇಳಿಯುವುದುಂಟು ಅಂದರು. ಆಮೇಲೆ ಮಂಚದ ಮೇಲೆ ಮಲಗಿಸಿ ಒಂದು ನೈಲಾನ್ ಎಳೆ ತೆಗೆದರು. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಬಾಗುವ ಎಳೆ.

“ಕಣ್ಣು ಮುಚ್ಚಿ. ತಾಗಿದಾಗ ಹೂಂ ಅನ್ನಿ.”

“ಹೂಂ… ಹೂಂ… ಹೂಂ…”

“ನಾನಿನ್ನೂ ಶುರು ಮಾಡಿಲ್ಲ ಸಾರ್.”

ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಶುರುವಾದ ಮೇಲೆ ಅಂಗಾಲಿನ ಮೂರು ಕಡೆ ಎಳೆ ಬಾಗಿತು, ಹೂಂ ಬರಲಿಲ್ಲ.

ಆಮೇಲೆ ಡ್ರಾಯರಿನಿಂದ ಬಂದದ್ದನ್ನು ಕಂಡು ಮೇಷ್ಟ್ರಿಗೆ ಜೀವ ಬಂತು. “ಓಹೋ, ಶ್ರುತಿಕವೆ! ಎಷ್ಟು ಹರ್ಟ್ಸ್?”

“128 ಸಾರ್.”

ಅನುರಣನೆ, ಕಂಪನಾಂಕ, ಲ್ಯಾಬಿನಲ್ಲಿ ಹುಡುಗರು ಅದನ್ನು ಬೆಂಚಿಗೆ ಬಡಿದು ಹಾಳು ಮಾಡಿದ್ದು, ಒಂದು ಪೀರಿಯಡ್ಡೇ ಆಯಿತು. ಡಾಕ್ಟರು ಪಾಪ, ಪೂರ್ತಿ ಕೇಳಿ ಅದರ ಬುಡವನ್ನು ಹೆಬ್ಬೆರಳ ಗೆಣ್ಣಿಗೆ ಊರಿದರು.

ಮೇಷ್ಟ್ರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದರು. “ಬಾರಿಸಿ ಡಾಕ್ಟ್ರೇ.”

“ಬಾರಿಸೇ ಇಟ್ಟಿದೀನಿ ಸಾರ್.”

ಕಣ್ಣು ಬಿಟ್ಟು ನೋಡಿದರು. ಕವೆಯ ಎರಡು ಕಾಲೂ ಇನ್ನೂ ನಡುಗುತ್ತಿದ್ದವು. ಡಾಕ್ಟರು ಅದನ್ನು ಮಣಿಕಟ್ಟಿಗೆ ಇಟ್ಟರು. “ಇಲ್ಲಿ ಬರುತ್ತೆ” ಅಂದರು ಮೇಷ್ಟ್ರು, ಮೆಲ್ಲಗೆ.

ಹೊರಗೆ ಬಂದವರು ಆಟೋ ಹತ್ತುವ ಮುಂಚೆ ನಿಂತು, ತಲೆ ಬಗ್ಗಿಸಿ ಪಾದ ನೋಡಿಕೊಂಡರು. “ಎರಡೂ ಇವೆಯೇನೇ?”

“ಇವೆ, ಹತ್ತಿ.”