ಟಿಟಿ ಹತ್ತಲಾರದ ದೆವ್ವ

ಏಷ್ಯಾದ ದೆವ್ವಗಳ ಮೇಲೆ ನನ್ನದೊಂದು ಹಳೇ ತಕರಾರಿದೆ. ಒಂಟಿಯಾಗಿ ಸಿಕ್ಕವರನ್ನು ಹಿಡಿಯುವುದರಲ್ಲಿ ಅವು ಬಲು ಶೂರ. ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬುಕ್ ಮಾಡಿಕೊಂಡು ಕುಟುಂಬ ಸಮೇತ ಹೊರಟವರ ತಂಟೆಗೆ ಮಾತ್ರ ಬರುವುದಿಲ್ಲ. ನಮ್ಮ ಮೋಹಿನಿಯನ್ನೇ ನೋಡಿ. ಅಮಾವಾಸ್ಯೆ ಆಗಿರಬೇಕು, ನಡುರಾತ್ರಿ ಆಗಿರಬೇಕು, ರಸ್ತೆ ನಿರ್ಜನವಾಗಿರಬೇಕು, ಬೈಕಿನ ಮೇಲೆ ಒಬ್ಬನೇ ಗಂಡಸಿರಬೇಕು. ಇಷ್ಟೂ ಕೂಡಿ ಬಂದರೆ ಡ್ರಾಪ್ ಕೇಳುತ್ತಾಳೆ. ಧೈರ್ಯವಿದ್ದರೆ ಟಿಟಿಗೆ ಕೈ ಅಡ್ಡ ಹಾಕಲಿ ನೋಡೋಣ. ಕಿಟಕಿಯಿಂದ ನಮ್ಮ ದೊಡ್ಡಮ್ಮನ ತಲೆ ಹೊರಗೆ ಬರುತ್ತದೆ. "ಯಾವೂರಮ್ಮಾ? ಯಾರ ಪೈಕಿ? ಮದುವೆ ಆಗಿದ್ಯಾ?" ಮೂರನೇ ಪ್ರಶ್ನೆಗೇ ಮೋಹಿನಿ ಮುಖ ಸಪ್ಪೆ ಮಾಡಿಕೊಳ್ಳುತ್ತಾಳೆ. ಪಾದ ಹಿಂದುಮುಂದಾಗಿರುವುದು ಕಣ್ಣಿಗೆ ಬಿತ್ತೋ, ಮುಗಿಯಿತು. "ಅಯ್ಯೋ, ಚಿಕ್ಕಂದಿನಲ್ಲೇ ತೋರಿಸಬಾರದಾಗಿತ್ತಾ? ನಮ್ಮ ಕಡೆಯವರೊಬ್ಬರು ಮೂಳೆ ಡಾಕ್ಟರಿದ್ದಾರೆ, ನಂಬರ್ ಬರ್ಕೋ."

ದೆವ್ವಕ್ಕೆ ಬೇಕಾದದ್ದು ಮೌನ, ಕತ್ತಲೆ, ಏಕಾಂತ. ನಮ್ಮ ಫ್ಯಾಮಿಲಿ ಟೂರಿನಲ್ಲಿ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಐದಕ್ಕೆ ಹೊರಡೋಣ ಎಂದವರು ಎಂಟಕ್ಕೆ ಹೊರಟಿರುತ್ತಾರೆ, ಎಂಟೂಕಾಲಿಗೆ ಯಾರಿಗೋ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದಿರುತ್ತದೆ. ಇಷ್ಟಿದ್ದರೂ ಮುನ್ನೆಚ್ಚರಿಕೆಗೇನೂ ಕೊರತೆಯಿಲ್ಲ. ಟೈರಿನಡಿ ನಿಂಬೆಹಣ್ಣು ಇಟ್ಟದ್ದಾಯಿತು, ಚಿಕನ್ ಡಬ್ಬಿಯ ಚೀಲಕ್ಕೆ ಒಂದು ಚೂರು ಇದ್ದಿಲು ಹಾಕಿದ್ದಾಯಿತು. ಬಾಡೂಟದ ವಾಸನೆಗೆ ಗಾಳಿ ಮೆಟ್ಟಿಕೊಳ್ಳುತ್ತದಂತೆ. ನನಗೆ ತಿಳಿದ ಮಟ್ಟಿಗೆ ಆ ವಾಸನೆಗೆ ಮೆಟ್ಟಿಕೊಂಡು ಬರುವುದು ಹಿಂದಿನ ಸೀಟಿನ ಮಕ್ಕಳು. ಅವರಿಗೆ ಇದ್ದಿಲು ನಾಟುವುದಿಲ್ಲ.

ಮಲಯ, ಇಂಡೋನೇಷ್ಯಾ ಕಡೆ ಪೊಂಟಿಯಾನಾಕ್ ಅಂತ ಒಬ್ಬಳಿದ್ದಾಳೆ. ಹೆರಿಗೆಯಲ್ಲಿ ಸತ್ತವಳು, ಬಿಳಿ ಉಡುಪು, ಬಿಚ್ಚುಗೂದಲು, ಜೊತೆಗೆ ದೇವಕಣಗಿಲೆಯ ಘಮ. ಅವಳ ಅಳು ಜೋರಾಗಿ ಕೇಳಿದರೆ ಅವಳು ದೂರವಿದ್ದಾಳೆಂದು ಅರ್ಥ. ಸಣ್ಣಗೆ ಕೇಳಿದರೆ ಬೆನ್ನ ಹಿಂದೆಯೇ ಇದ್ದಾಳೆ. ಎಂಥ ನವಿರಾದ ಏರ್ಪಾಡು! ಆದರೆ ಟಿಟಿಯೊಳಗೆ ಅಂತ್ಯಾಕ್ಷರಿ ನಡೆಯುತ್ತಿರುವಾಗ ಚಿಕ್ಕಪ್ಪ 'ನ' ಅಕ್ಷರಕ್ಕೆ ಹಾಡು ಸಿಗದೆ ಹೋದ ಸಲ ಹಾಡಿದ್ದನ್ನೇ ಮತ್ತೆ ಎತ್ತಿಕೊಂಡರೆ, ಅವಳ ಸಣ್ಣ ಅಳು ಯಾರಿಗೆ ಕೇಳಬೇಕು? 1771ರಲ್ಲಿ ಬೋರ್ನಿಯೋದಲ್ಲಿ ಊರು ಕಟ್ಟಲು ಬಂದ ಸೈಯದ್ ಅಬ್ದುರ್ರಹಮಾನ್ ಎಂಬ ಸುಲ್ತಾನ ಅವಳ ಕಾಟ ತಾಳಲಾರದೆ ತೋಪು ಹಾರಿಸಿ ಓಡಿಸಿದನಂತೆ. ಊರಿಗೂ ಅವಳ ಹೆಸರೇ ನಿಂತಿತು. ಭೂಮಧ್ಯರೇಖೆಯ ಮೇಲೆ ಈಗಲೂ ಪೊಂಟಿಯಾನಾಕ್ ನಗರವಿದೆ. ತೋಪು, ಮದ್ದು, ಗುಂಡು ಎಲ್ಲ ದಂಡ. ನಮ್ಮ ಚಿಕ್ಕಪ್ಪನನ್ನು ಕರೆಸಿದ್ದರೆ ಸಾಕಿತ್ತು.

ಅವಳ ಪಕ್ಕದ ಮನೆಯವಳು ಪೆನಂಗಲಾನ್. ಇವಳು ರಾತ್ರಿ ಮುಂಡವನ್ನು ಮನೆಯಲ್ಲೇ ಬಿಟ್ಟು, ತಲೆ ಮತ್ತು ಕರುಳನ್ನಷ್ಟೇ ತೂಗಾಡಿಸಿಕೊಂಡು ಹಾರುತ್ತಾಳೆ. ತಿರುಗಾಟ ಮುಗಿಸಿ ಬರುವಷ್ಟರಲ್ಲಿ ಕರುಳು ಊದಿಕೊಂಡಿರುತ್ತದೆ, ಮುಂಡದೊಳಗೆ ಹಿಡಿಸುವುದಿಲ್ಲ. ಹಾಗಾಗಿ ವಿನಿಗರ್ ತುಂಬಿದ ಗುಡಾಣದಲ್ಲಿ ಅದ್ದಿ ಕುಗ್ಗಿಸಿಕೊಳ್ಳುತ್ತಾಳಂತೆ. ಇದನ್ನು ಕೇಳಿ ಹೆದರುವವರು ಎರಡು ದಿನದ ಟೂರು ಮುಗಿಸಿ, ಹೋಗುವಾಗ ಸಲೀಸಾಗಿ ಹಿಡಿಸಿದ್ದ ಬಟ್ಟೆಗಳನ್ನೇ ವಾಪಸು ಅದೇ ಬ್ಯಾಗಿಗೆ ತುರುಕಿ, ಮೇಲೆ ಕೂತು ಜಿಪ್ ಎಳೆದವರಲ್ಲ.

ಫಿಲಿಪ್ಪೀನ್ಸಿನ ತಿಕ್‌ಬಾಲಂಗ್‌ಗೆ ಕುದುರೆ ತಲೆ, ಉದ್ದುದ್ದ ಕಾಲು. ಕಾಡಿನಲ್ಲಿ ದಾರಿಹೋಕರನ್ನು ಸುತ್ತಿಸಿ ಸುತ್ತಿಸಿ ಹೊರಟ ಜಾಗಕ್ಕೇ ತಂದು ಬಿಡುವುದು ಅವನ ಕಸುಬು. ಅಂಗಿಯನ್ನು ಒಳಹೊರಗೆ ತಿರುವಿ ಹಾಕಿಕೊಂಡರೆ ದಾರಿ ಸಿಗುತ್ತದೆ ಎಂಬುದು ಅಲ್ಲಿಯವರ ಪರಿಹಾರ. ನಮ್ಮ ಟಿಟಿಯಲ್ಲಿ ಈ ಹುದ್ದೆಗೆ ಹೊಸಬರು ಬೇಕಿಲ್ಲ. ಡ್ರೈವರ್ ಪಕ್ಕ ಕೂತ ಭಾವ "ಮ್ಯಾಪ್ ಬಿಡಿ, ಎಡಕ್ಕೆ ತಗೊಳ್ಳಿ, ನಂಗೊತ್ತು" ಎಂದು ಕಬ್ಬಿನ ಗದ್ದೆಯೊಳಗೆ ಇಳಿಸಿ ಬಿಡುತ್ತಾರೆ. ಅಂಗಿ ತಿರುವಿ ಹಾಕಿಕೊಂಡೂ ನೋಡಬಹುದು. ಆದರೆ ಭಾವ ತಪ್ಪನ್ನು ಒಪ್ಪಿಕೊಳ್ಳುವಂತೆ ಮಾಡುವಷ್ಟು ಶಕ್ತಿಯಿರುವ ಅಂಗಿಯನ್ನು ಇನ್ನೂ ಯಾರೂ ಹೊಲಿದಿಲ್ಲ.

ಇಷ್ಟರ ನಡುವೆ ನನಗೆ ನಿಜವಾಗಿ ಅಕ್ಕರೆಯಿರುವುದು ಥಾಯ್ಲೆಂಡಿನ ಮೇ ನಾಕ್ ಮೇಲೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಹೆರಿಗೆಯಲ್ಲಿ ಸತ್ತಳು. ಗಂಡ ಬಂದ. ಹೆಂಡತಿ, ಮಗು ಇಬ್ಬರೂ ಮನೆಯಲ್ಲೇ ಇದ್ದಾರೆ, ಸಂಸಾರ ಎಂದಿನಂತೆ ಸಾಗಿದೆ. ಒಂದು ದಿನ ಅಡುಗೆ ಮಾಡುವಾಗ ನಿಂಬೆಹಣ್ಣು ಕೈಜಾರಿ ಅಟ್ಟಣಿಗೆ ಮನೆಯ ಹಲಗೆ ಸಂದಿನಿಂದ ಕೆಳಗೆ ಬಿತ್ತು. ಪಾಪ, ಇಳಿದು ಹೋಗಲು ಬೇಜಾರು, ಕೈಯನ್ನೇ ಉದ್ದಕ್ಕೆ ಚಾಚಿ ಎತ್ತಿಕೊಂಡಳು. ಗಂಡ ನೋಡಿಬಿಟ್ಟ, ಕಿತ್ತ ಓಟ. ಇದರಲ್ಲಿ ಓಡುವಂಥದ್ದೇನಿದೆ ಎಂದು ನನಗೆ ಈವರೆಗೆ ಅರ್ಥವಾಗಿಲ್ಲ. ಹಿಂದಿನ ಸೀಟಿನಿಂದ ಮುಂದಿನ ಸೀಟಿನ ಕೋಡುಬಳೆ ಡಬ್ಬಕ್ಕೆ ಕೈ ನಿಲುಕುವ ಸೊಸೆ ಸಿಕ್ಕಿದರೆ ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಬ್ಯಾಂಕಾಕಿನ ವಾಟ್ ಮಹಾಬುತ್‌ನಲ್ಲಿ ಅವಳ ಗುಡಿಯಿದೆ. ಜನ ಅವಳಿಗೆ ಉಡುಪು, ಅವಳ ಮಗುವಿಗೆ ಆಟಿಕೆ ಕೊಡುತ್ತಾರೆ, ನೋಡಲಿ ಎಂದು ಎದುರಿಗೆ ಟೀವಿಯನ್ನೂ ಇಟ್ಟಿದ್ದಾರೆ. ಸೈನ್ಯದ ಕಡ್ಡಾಯ ಸೇವೆಗೆ ತಮ್ಮ ಚೀಟಿ ಬಾರದಿರಲಿ ಎಂದು ಹುಡುಗರು ಹರಕೆ ಹೊರುತ್ತಾರೆ. ಗಂಡನನ್ನು ಯುದ್ಧಕ್ಕೆ ಕಳಿಸಿ ಕೆಟ್ಟವಳಲ್ಲವೇ, ಅವಳಿಗೆ ಆ ಸಂಕಟ ಗೊತ್ತು.

ಅದೇ ದೇಶದ ಈಶಾನ್ಯ ಭಾಗದ ಹಳ್ಳಿಗಳಲ್ಲಿ 1990ರಲ್ಲಿ ವಿಧವೆ ದೆವ್ವದ ಗುಲ್ಲೆದ್ದಿತ್ತು. ಮಲಗಿದ ಗಂಡಸರನ್ನು ಒಯ್ಯುತ್ತಾಳೆಂದು ಹೆದರಿ, ಹೆಂಗಸರಂತೆ ಕಾಣಲಿ ಎಂದು ಗಂಡಸರು ಉಗುರಿಗೆ ಬಣ್ಣ ಹಚ್ಚಿಕೊಂಡು ಮಲಗಿದರಂತೆ. ಅದೇ ದಶಕದಲ್ಲಿ ನಮ್ಮ ಬೆಂಗಳೂರಿನವರು ಬಾಗಿಲಿಗೆ 'ನಾಳೆ ಬಾ' ಎಂದು ಬರೆದು ನೆಮ್ಮದಿಯಾಗಿದ್ದರು. ದೆವ್ವ ದಿನವೂ ಬಂದು, ಓದಿ, ಒಪ್ಪಿ, ಮರಳುತ್ತಿತ್ತು. ಅಂಥ ಸಜ್ಜನಿಕೆ ಈಗ ಚೀಟಿ ದುಡ್ಡು ವಸೂಲಿಗೆ ಬರುವವರಲ್ಲಿ ಕಾಣೆ.

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ದೆವ್ವವನ್ನೇ ಪಿಕ್‌ನಿಕ್ ಸ್ಪಾಟ್ ಮಾಡಿಕೊಂಡಿದ್ದಾರೆ. ಸಕಾಯ್‌ಮಿನಾತೊ ಎಂಬ ಮೀನುಗಾರರ ಊರಿನ ರಸ್ತೆಯುದ್ದಕ್ಕೂ 177 ಕಂಚಿನ ಭೂತಗಳು ನಿಂತಿವೆ. ಎಲ್ಲ ಆ ಊರಿನಲ್ಲಿ ಬೆಳೆದ ಚಿತ್ರಕಾರ ಮಿಜುಕಿ ಶಿಗೆರು ಕೃಪೆ. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದ ಆತ ಬಲಗೈಯಲ್ಲೇ ದೇಶದ ಅಜ್ಜಿಕತೆಯ ಭೂತಗಳನ್ನೆಲ್ಲ ಬರೆದು ಕಾಮಿಕ್ಸ್ ಮಾಡಿದ. ಮಕ್ಕಳು ಈ ಭೂತಗಳ ತಲೆ ಸವರಿ ಸವರಿ ಕಂಚು ಹೊಳೆಯುವಂತೆ ಮಾಡಿದ್ದಾರೆ.

ಆದರೆ ನನ್ನ ಕಣ್ಣಿರುವುದು ತೋನೊ ಊರಿನ ಕಪ್ಪನ ಮೇಲೆ. ಇವನು ಹೊಳೆಯ ಜೀವಿ, ಮಗುವಿನಷ್ಟು ಎತ್ತರ, ಬೆನ್ನಿಗೆ ಆಮೆಚಿಪ್ಪು, ನೆತ್ತಿಯ ಮೇಲೊಂದು ತಟ್ಟೆ, ಅದರ ತುಂಬ ನೀರು. ಆ ನೀರಿನಲ್ಲೇ ಅವನ ಶಕ್ತಿಯೆಲ್ಲ. ಮಕ್ಕಳನ್ನು, ಕುದುರೆಗಳನ್ನು ನೀರಿಗೆಳೆಯುತ್ತಾನೆ. ಆದರೆ ನಯವಂತ: ನೀವು ಬಾಗಿ ನಮಸ್ಕರಿಸಿದರೆ ಅವನೂ ಬಾಗುತ್ತಾನೆ, ನೀರು ಚೆಲ್ಲುತ್ತದೆ, ಕತೆ ಮುಗಿಯುತ್ತದೆ. ಜಪಾನಿನ ಕೆರೆಕಟ್ಟೆಗಳ ಬಳಿ 'ಅಪಾಯ' ಎಂಬ ಫಲಕಗಳ ಮೇಲೆ ಇವನ ಚಿತ್ರ ಬರೆದಿರುತ್ತಾರೆ. ನಮ್ಮ ಬಲಮುರಿ, ಮೇಕೆದಾಟು, ಮುತ್ತತ್ತಿಗಳಲ್ಲಿ ಬರೀ ಅಕ್ಷರದ ಬೋರ್ಡು. ಅದಕ್ಕೆ ಟವೆಲ್ ನೇತು ಹಾಕಿ ನೀರಿಗಿಳಿಯುವವರೇ ಹೆಚ್ಚು. ಕಾವೇರಿಯ ಸುಳಿ ಯಾರ ನಮಸ್ಕಾರಕ್ಕೂ ಬಾಗುವುದಿಲ್ಲ. ಮಡುವಿನ ಹತ್ತಿರ ಹೋದರೆ ಕಾಲು ಹಿಡಿದು ಎಳೀತಾನೆ ಎಂದು ಅಜ್ಜಿ ಹೆದರಿಸಿದ್ದಕ್ಕೇ ಮಂಡಿಯುದ್ದ ನೀರಿನಲ್ಲಿ ನಿಂತುಕೊಂಡವರು ನಾವು. ಆ ಎಳೆಯುವವನನ್ನು ಬೋರ್ಡಿನ ಮೇಲೆ ಒಬ್ಬ ಒಳ್ಳೆಯ ಚಿತ್ರಕಾರನಿಂದ ಬರೆಸಿದರೆ ಇಲಾಖೆಯ ಗಂಟೇನು ಹೋಗುತ್ತದೆ?

ತೋನೊದಲ್ಲಿ ಕಪ್ಪನನ್ನು ಹಿಡಿಯಲು ಅಧಿಕೃತ ಪರವಾನಗಿ ಪತ್ರ ಮಾರುತ್ತಾರೆ. ಷರತ್ತುಗಳಿವೆ: ಜೀವಂತ ಹಿಡಿಯಬೇಕು, ಗಾಯ ಮಾಡಬಾರದು, ತಲೆಯ ನೀರು ಚೆಲ್ಲಬಾರದು. ಹಿಡಿದು ತಂದವರಿಗೆ ಅಲ್ಲಿನ ಟೀವಿ ಕಂಪನಿ ಒಂದು ಕೋಟಿ ಯೆನ್ ಕೊಡುವುದಾಗಿ ಹೇಳಿದೆ. ಗಾಳಕ್ಕೆ ಕಟ್ಟುವುದು ಮೀನಲ್ಲ, ಎರೆಹುಳುವಲ್ಲ, ಸೌತೆಕಾಯಿ. ಕಪ್ಪನಿಗೆ ಅದೆಂದರೆ ಪ್ರಾಣ.

ಮುತ್ತತ್ತಿಗೆ ಟೂರು ಹೋಗಿದ್ದಾಗ ಈ ಸುದ್ದಿ ಕೇಳಿದ್ದೇ ಭಾವ ಮೊಬೈಲಿನಲ್ಲಿ ಲೆಕ್ಕ ಹಾಕಿ "ಐವತ್ತು ಲಕ್ಷದ ಮೇಲೆ!" ಎಂದು ಕೂಗಿದರು. ಅಲ್ಲಿ ಸೌತೆಕಾಯಿ ಮಾರುವವಳು ಆಗಲೇ ಸಿಪ್ಪೆ ಹೆರೆದು, ಉದ್ದಕ್ಕೆ ನಾಲ್ಕು ಸೀಳಿ, ಖಾರದಪುಡಿಯ ಡಬ್ಬಿಗೆ ಕೈ ಹಾಕಿದ್ದಳು. ಭಾವ ಅವಳನ್ನು ತಡೆದರು. "ಒಂದಕ್ಕೆ ಉಪ್ಪುಖಾರ ಬೇಡಮ್ಮ, ಜಪಾನಿನವರಿಗೆ." ಅವಳು ಸರಿ ಎಂದು ಖಾರವಿಲ್ಲದ್ದನ್ನು ಬೇರೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಹೊಳೆಯವರೆಗೂ ಅದು ಹೋಗಲಿಲ್ಲ. ಅರಳಿಮರದಿಂದ ಇಳಿದ ಕೋತಿಯೊಂದು ಭಾವನ ಕೈಯಿಂದ ಅದನ್ನು ಕಿತ್ತುಕೊಂಡು, ಮೂಸಿ ನೋಡಿ, ಖಾರವಿಲ್ಲವೆಂದು ಬಿಸಾಡಿ, ಇನ್ನೊಂದಕ್ಕೆ ಕೈ ಚಾಚಿತು.